ಮತದಾನ ನಿಯಮಗಳ ಗಣಿತ ಮತ್ತು ಸಾಮಾಜಿಕ ಆಯ್ಕೆ ಸಿದ್ಧಾಂತ: ಯಾದಗಿರಿ ಸೀಮೆಯ ನಿದರ್ಶನಗಳೊಡನೆ

ಹಲವು ಜನರ ಬೇರೆ ಬೇರೆ ಇಷ್ಟಗಳನ್ನು ಕೂಡಿಸಿ ಎಲ್ಲರಿಗೂ ಅನ್ವಯಿಸುವ ಒಂದು ತೀರ್ಮಾನ ಪಡೆಯುವ ವಿಧಾನಗಳನ್ನು ಗಣಿತದ ದೃಷ್ಟಿಯಿಂದ ಪರಿಶೀಲಿಸುವ ಶಾಸ್ತ್ರವೇ ಸಾಮಾಜಿಕ ಆಯ್ಕೆ ಸಿದ್ಧಾಂತ. ಚುನಾವಣೆ ಇದರ ಮುಖ್ಯ ಕ್ಷೇತ್ರ. ಸಮಿತಿಗಳ ನಿರ್ಣಯ, ಅನುದಾನದ ಹಂಚಿಕೆ, ತಾಲ್ಲೂಕುಗಳ ಹಿಂದುಳಿದಿರುವಿಕೆಯನ್ನು ಅಳೆಯುವ ಸೂಚ್ಯಂಕ ಇವೂ ಇದರ ವ್ಯಾಪ್ತಿಗೆ ಬರುತ್ತವೆ. ಜನರ ಮನಸ್ಸು ಬದಲಾಗದೆ ಎಣಿಸುವ ನಿಯಮವಷ್ಟೇ ಬದಲಾದರೂ ಗೆಲ್ಲುವವರು ಬದಲಾಗಬಹುದು ಎಂಬುದು ಈ ಶಾಸ್ತ್ರದ ಮೊದಲ ಪಾಠ. ಎಲ್ಲ ನಿಟ್ಟಿನಿಂದಲೂ ನಿರ್ದೋಷವಾದ ನಿಯಮ ಇರಲಾರದು ಎಂಬುದು ಎರಡನೆಯದು. ಎರಡನೆಯದು ಯಾರದೋ ಅನುಭವದ ಮಾತಲ್ಲ, ಸಾಧಿಸಿ ತೋರಿಸಿದ ಪ್ರಮೇಯ.

ಈ ಶಾಸ್ತ್ರವನ್ನು ವಿವರಿಸಲು ದೂರದ ದೇಶಗಳ ಉದಾಹರಣೆ ಹುಡುಕಬೇಕಿಲ್ಲ. 2009ರ ಡಿಸೆಂಬರ್ 30ರಂದು ಗುಲಬರ್ಗಾದಿಂದ ಬೇರ್ಪಟ್ಟ ಯಾದಗಿರಿ ಜಿಲ್ಲೆಯ ಮತದಾರರೇ ಒಂದಕ್ಕಿಂತ ಹೆಚ್ಚು ನಿಯಮಗಳಡಿ ಮತ ಹಾಕುತ್ತಾರೆ. ಸುರಪುರ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಮತದಾರರಾಗಿರುವ ಪ್ರೌಢಶಾಲಾ ಶಿಕ್ಷಕರೊಬ್ಬರನ್ನು ಗಮನಿಸಿ. ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಅವರ ವಾರ್ಡಿಗೆ ಮೂರು ಸ್ಥಾನಗಳಿದ್ದರೆ ಅವರಿಗೆ ಮೂರು ಮತ. ಸುರಪುರ ವಿಧಾನಸಭಾ ಕ್ಷೇತ್ರಕ್ಕೂ ರಾಯಚೂರು ಲೋಕಸಭಾ ಕ್ಷೇತ್ರಕ್ಕೂ ಒಂದೊಂದೇ ಮತ. ವಿಧಾನ ಪರಿಷತ್ತಿನ ಈಶಾನ್ಯ ಶಿಕ್ಷಕರ ಕ್ಷೇತ್ರದಲ್ಲಿ ಅವರು ಗುಂಡಿ ಒತ್ತುವುದಿಲ್ಲ. ಅಭ್ಯರ್ಥಿಗಳ ಹೆಸರಿನ ಮುಂದೆ 1, 2, 3 ಎಂದು ಪ್ರಾಶಸ್ತ್ಯ ಬರೆಯುತ್ತಾರೆ. ಮತದಾರರು ಒಬ್ಬರೇ ಆದರೂ ಅವರ ಮನಸ್ಸನ್ನು ರಾಜ್ಯ ಮೂರು ಬಗೆಯಲ್ಲಿ ಓದಿಕೊಳ್ಳುತ್ತದೆ.

ಹೆಚ್ಚು ಮತ ಪಡೆದವರೇ ಗೆಲ್ಲುವ ನಿಯಮ

ಲೋಕಸಭೆ ಮತ್ತು ವಿಧಾನಸಭೆಗೆ ಅನ್ವಯಿಸುವ ನಿಯಮ ಸರಳವಾದುದು. ಕಣದಲ್ಲಿರುವವರ ಪೈಕಿ ಯಾರಿಗೆ ಹೆಚ್ಚು ಮತ ಬಿತ್ತೋ ಅವರು ಗೆದ್ದಂತೆ. ಅರ್ಧಕ್ಕಿಂತ ಹೆಚ್ಚು ಮತ ಬೇಕೆಂಬ ಷರತ್ತಿಲ್ಲ. ಇಬ್ಬರೇ ಕಣದಲ್ಲಿದ್ದಾಗ ಇದಕ್ಕಿಂತ ಉತ್ತಮ ನಿಯಮ ಇಲ್ಲ. ಇದನ್ನು 1952ರಲ್ಲಿ ಅಮೆರಿಕದ ಗಣಿತಜ್ಞ ಕೆನೆತ್ ಮೇ ಸಾಧಿಸಿದರು. ಮತದಾರರಲ್ಲಿ ಮೇಲುಕೀಳು ಇರಬಾರದು. ಅಭ್ಯರ್ಥಿಗಳಲ್ಲೂ ಪಕ್ಷಪಾತ ಇರಬಾರದು. ಇಬ್ಬರೂ ಸಮಸಮ ಇರುವಾಗ ಒಬ್ಬರಿಗೆ ಒಂದು ಮತ ಹೆಚ್ಚಾದರೆ ಅವರೇ ಗೆಲ್ಲಬೇಕು. ಈ ಮೂರನ್ನೂ ಪಾಲಿಸುವ ನಿಯಮ ಬಹುಮತವೊಂದೇ ಎಂಬುದು ಮೇ ಪ್ರಮೇಯದ ಸಾರ. ಸಮಸಮ ಮತ ಬಿದ್ದಾಗ ಮಾತ್ರ ಮೊದಲಿನ ಎರಡು ಷರತ್ತುಗಳನ್ನು ಮುರಿಯದೆ ಒಬ್ಬರನ್ನು ಆರಿಸಲು ಚೀಟಿ ಎತ್ತುವುದರ ಹೊರತು ದಾರಿಯಿಲ್ಲ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 65ನೇ ಕಲಮು ಹೇಳುವುದೂ ಇದನ್ನೇ. 2004ರಲ್ಲಿ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣ 40,752 ಮತ ಪಡೆದರೆ ಎ.ಆರ್. ಕೃಷ್ಣಮೂರ್ತಿ 40,751 ಪಡೆದರು. ಇನ್ನೊಬ್ಬ ಮತದಾರ ಬಂದು ಸೋತವರಿಗೆ ಮತ ಹಾಕಿದ್ದರೆ ಫಲಿತಾಂಶ ಚೀಟಿಗೆ ಹೋಗುತ್ತಿತ್ತು.

ತೊಡಕು ಹುಟ್ಟುವುದು ಮೂರನೆಯವರು ಕಣಕ್ಕಿಳಿದಾಗ. 2014ರ ಲೋಕಸಭಾ ಚುನಾವಣೆಯಲ್ಲಿ ಸುರಪುರ, ಶಹಾಪುರ, ಯಾದಗಿರಿ ಮೂರನ್ನೂ ಒಳಗೊಂಡ ರಾಯಚೂರು ಕ್ಷೇತ್ರದಲ್ಲಿ ಕಾಂಗ್ರೆಸ್ಸಿನ ಬಿ.ವಿ. ನಾಯಕ್ ಬಿಜೆಪಿಯ ಶಿವನಗೌಡ ನಾಯಕರ ವಿರುದ್ಧ ಗೆದ್ದದ್ದು 1,499 ಮತಗಳ ಅಂತರದಿಂದ. ಉಳಿದ ಅಭ್ಯರ್ಥಿಗಳಿಗೂ ನೋಟಾಕ್ಕೂ ಬಿದ್ದ ಮತಗಳು ಕೂಡಿದರೆ ಈ ಅಂತರದ ಹಲವು ಪಟ್ಟಾಗುತ್ತವೆ. ಆ ಮತದಾರರು ಈ ಇಬ್ಬರಲ್ಲಿ ಯಾರನ್ನು ಮೇಲೆಂದು ಭಾವಿಸಿದ್ದರು ಎಂಬುದು ಮತಯಂತ್ರದಲ್ಲಿ ದಾಖಲಾಗುವುದೇ ಇಲ್ಲ. ಒಂದೇ ಗುರುತು ಪಡೆಯುವ ನಿಯಮ ಮತದಾರನ ಮೊದಲ ಆಯ್ಕೆಯನ್ನು ಉಳಿಸಿಕೊಂಡು ಮಿಕ್ಕ ಮಾಹಿತಿಯನ್ನೆಲ್ಲ ಕಳೆದುಬಿಡುತ್ತದೆ. ಈ ನಿಯಮದ ಎಲ್ಲ ದೋಷಗಳ ಬೇರು ಇಲ್ಲಿದೆ.

ಕ್ಷೇತ್ರಗಳ ಫಲಿತಾಂಶವನ್ನು ರಾಜ್ಯದ ಮಟ್ಟದಲ್ಲಿ ಕೂಡಿಸಿದಾಗ ಇನ್ನೊಂದು ದೋಷ ಕಾಣುತ್ತದೆ. 2004ರ ವಿಧಾನಸಭಾ ಚುನಾವಣೆಯಲ್ಲಿ ಕಾಂಗ್ರೆಸ್ ಶೇ 35.27 ಮತ ಪಡೆದು 65 ಸ್ಥಾನ ಗೆದ್ದಿತು. ಬಿಜೆಪಿ ಶೇ 28.33 ಮತಕ್ಕೆ 79 ಸ್ಥಾನ ಪಡೆಯಿತು. 2008ರಲ್ಲಿ ಶೇ 34.76 ಮತ ಪಡೆದ ಕಾಂಗ್ರೆಸ್ಸಿಗೆ 80 ಸ್ಥಾನ, ಶೇ 33.86 ಪಡೆದ ಬಿಜೆಪಿಗೆ 110. 2018ರ ಮೇ ತಿಂಗಳ ಎಣಿಕೆಯಲ್ಲಿ ಕಾಂಗ್ರೆಸ್ಸಿಗೆ ಶೇ 38ರಷ್ಟು ಮತಕ್ಕೆ 78 ಸ್ಥಾನ, ಬಿಜೆಪಿಗೆ ಶೇ 36ರಷ್ಟಕ್ಕೆ 104. ಹದಿನೈದು ವರ್ಷಗಳೊಳಗೆ ಮೂರು ಬಾರಿ ಹೆಚ್ಚು ಮತದ ಪಕ್ಷವೊಂದು, ಹೆಚ್ಚು ಸ್ಥಾನದ ಪಕ್ಷ ಇನ್ನೊಂದು. ಇದರಲ್ಲಿ ಮೋಸವೇನೂ ಇಲ್ಲ. ಎರಡು ಹಂತದಲ್ಲಿ ಕೂಡುವ ಯಾವ ವ್ಯವಸ್ಥೆಯಲ್ಲೂ ರಾಜ್ಯದುದ್ದಕ್ಕೂ ಸಮನಾಗಿ ಹರಡಿದ ಮತಕ್ಕಿಂತ ಅಲ್ಲಲ್ಲಿ ಒತ್ತಾಗಿ ನಿಂತ ಮತಕ್ಕೆ ಬೆಲೆ ಹೆಚ್ಚಾಗಬಹುದು.

ಈ ನಿಯಮ ಕಾಲಕ್ರಮೇಣ ಎರಡೇ ಪಕ್ಷಗಳನ್ನು ಉಳಿಸುತ್ತದೆ ಎಂದು ಫ್ರಾನ್ಸಿನ ಮಾರಿಸ್ ದುವೆರ್ಜೆ 1951ರಲ್ಲಿ ಬರೆದರು. ಕರ್ನಾಟಕದಲ್ಲಿ ಹಾಗಾಗಲಿಲ್ಲ. ಇಲ್ಲಿ ಕ್ಷೇತ್ರಮಟ್ಟದ ಹೋರಾಟ ಬಹುಮಟ್ಟಿಗೆ ಇಬ್ಬರ ನಡುವೆಯೇ ನಡೆದರೂ ಆ ಇಬ್ಬರು ಎಲ್ಲೆಡೆ ಒಬ್ಬರೇ ಅಲ್ಲ. ಯಾದಗಿರಿ ಜಿಲ್ಲೆಯ ನಾಲ್ಕು ಸ್ಥಾನಗಳು ಇದಕ್ಕೆ ಒಳ್ಳೆಯ ಸಾಕ್ಷಿ: 2018ರಲ್ಲಿ ಸುರಪುರ ಮತ್ತು ಯಾದಗಿರಿ ಬಿಜೆಪಿಗೆ, ಶಹಾಪುರ ಕಾಂಗ್ರೆಸ್ಸಿಗೆ, ಗುರುಮಠಕಲ್ ಜೆಡಿಎಸ್‌ಗೆ ಹೋದವು. ಅದಕ್ಕೆ ಹಿಂದೆ 2013ರಲ್ಲಿ ಬಿಜೆಪಿಯಿಂದ ಸಿಡಿದ ಕೆಜೆಪಿ ರಾಜ್ಯದಲ್ಲಿ ಗೆದ್ದ ಆರೇ ಸ್ಥಾನಗಳಲ್ಲಿ ಶಹಾಪುರವೂ ಒಂದಾಗಿತ್ತು. ಒಂದೇ ಬಗೆಯ ಮತದಾರರನ್ನು ನೆಚ್ಚಿದ ಇಬ್ಬರು ನಿಂತರೆ ಮತ ಒಡೆದು ಇಬ್ಬರೂ ಸೋಲಬಹುದು. ಸಿದ್ಧಾಂತದಲ್ಲಿ ಇದು ತದ್ರೂಪಿ ಅಭ್ಯರ್ಥಿಗಳ ಸಮಸ್ಯೆ, ಊರ ಕಟ್ಟೆಯಲ್ಲಿ ಓಟು ಒಡೆಯುವ ಮಾತು.

ಮೂರು ಊರು, ಮೂರು ಉತ್ತರ

ಲೆಕ್ಕಕ್ಕಾಗಿ ಒಂದು ಉದಾಹರಣೆ ಕಟ್ಟೋಣ. ಜಿಲ್ಲೆಗೆ ಬಂದ ಸಂಸ್ಥೆಯೊಂದನ್ನು ಯಾದಗಿರಿ, ಶಹಾಪುರ, ಸುರಪುರ ಈ ಮೂರರಲ್ಲಿ ಎಲ್ಲಿ ಸ್ಥಾಪಿಸಬೇಕೆಂದು 100 ಪ್ರತಿನಿಧಿಗಳು ತೀರ್ಮಾನಿಸಬೇಕು. ಯಾದಗಿರಿ ಕಡೆಯವರು 40, ಸುರಪುರದವರು 35, ಶಹಾಪುರದವರು 25. ಪ್ರತಿಯೊಬ್ಬರಿಗೂ ತಮ್ಮ ಊರೇ ಮೊದಲು, ಆಮೇಲೆ ಹತ್ತಿರದ್ದು. ಭೀಮಾ ನದಿ ದಾಟಿ ಯಾದಗಿರಿಯಿಂದ ಸುರಪುರಕ್ಕೆ ಹೋಗುವ ದಾರಿಯಲ್ಲಿ ಶಹಾಪುರ ನಡುವೆ ಸಿಗುತ್ತದೆ. ಆದ್ದರಿಂದ ಯಾದಗಿರಿಯ 40 ಜನಕ್ಕೂ ಸುರಪುರದ 35 ಜನಕ್ಕೂ ಎರಡನೇ ಆಯ್ಕೆ ಶಹಾಪುರವೇ. ಶಹಾಪುರದ 25ರಲ್ಲಿ 17 ಮಂದಿಗೆ ಎರಡನೆಯದು ಸುರಪುರ, 8 ಮಂದಿಗೆ ಯಾದಗಿರಿ ಎಂದಿಟ್ಟುಕೊಳ್ಳೋಣ.

ಮೊದಲ ಆಯ್ಕೆಯನ್ನಷ್ಟೇ ಎಣಿಸಿದರೆ 40 ಮತದ ಯಾದಗಿರಿ ಗೆಲ್ಲುತ್ತದೆ. ವಿಧಾನ ಪರಿಷತ್ತಿನ ಪ್ರಾಶಸ್ತ್ಯ ಪದ್ಧತಿಯಂತೆ ಎಣಿಸಿದರೆ ಕಡಿಮೆ ಮತದ ಶಹಾಪುರ ಮೊದಲು ಹೊರಬೀಳುತ್ತದೆ; ಅದರ 17 ಮತ ಸುರಪುರಕ್ಕೂ 8 ಯಾದಗಿರಿಗೂ ಸೇರಿ ಸುರಪುರ 52-48ರಿಂದ ಗೆಲ್ಲುತ್ತದೆ. ಇನ್ನು ಎರಡೆರಡು ಊರುಗಳನ್ನು ಎದುರುಬದುರು ನಿಲ್ಲಿಸಿ ನೋಡಿದರೆ ಶಹಾಪುರವು ಯಾದಗಿರಿಯನ್ನು 60-40ರಿಂದಲೂ ಸುರಪುರವನ್ನು 65-35ರಿಂದಲೂ ಸೋಲಿಸುತ್ತದೆ. ಮೊದಲ ಸ್ಥಾನಕ್ಕೆ 2, ಎರಡನೆಯದಕ್ಕೆ 1, ಮೂರನೆಯದಕ್ಕೆ 0 ಅಂಕ ಕೊಟ್ಟರೆ ಶಹಾಪುರಕ್ಕೆ 125, ಯಾದಗಿರಿಗೆ 88, ಸುರಪುರಕ್ಕೆ 87. ನೂರು ಜನರ ಮನಸ್ಸು ಹಾಗೇ ಇದೆ. ನಿಯಮ ಬದಲಾದಂತೆ ಒಮ್ಮೆ ಯಾದಗಿರಿ, ಒಮ್ಮೆ ಸುರಪುರ, ಒಮ್ಮೆ ಶಹಾಪುರ.

ಇಲ್ಲಿ ನ್ಯಾಯವಾದ ಉತ್ತರ ಯಾವುದು? ಶಹಾಪುರವೇ ಎನ್ನುವುದು ಈ ಲೇಖನದ ನಿಲುವು. ನೂರರಲ್ಲಿ ಒಬ್ಬರಿಗೂ ಅದು ಕೊನೆಯ ಆಯ್ಕೆಯಲ್ಲ. ಉಳಿದೆರಡು ಊರುಗಳಲ್ಲಿ ಯಾವುದನ್ನು ತಂದು ಎದುರು ನಿಲ್ಲಿಸಿದರೂ ಹೆಚ್ಚಿನವರು ಅದರ ಕಡೆಗಿದ್ದಾರೆ. ಇಂಥ ಆಯ್ಕೆಯನ್ನು ಕಾಂಡೋರ್ಸೆ ವಿಜೇತ ಎನ್ನುತ್ತಾರೆ. ನಮ್ಮ ಎರಡು ಮುಖ್ಯ ಚುನಾವಣಾ ಪದ್ಧತಿಗಳೂ ಈ ನಡುವಿನ ಊರನ್ನು ಕೈಬಿಟ್ಟವೆಂಬುದನ್ನು ಗಮನಿಸಬೇಕು.

ಇತಿಹಾಸ

ಎದುರುಬದುರು ಹೋಲಿಕೆಯ ವಿಚಾರ ಹಳೆಯದು. 13ನೇ ಶತಮಾನದ ಕೊನೆಗೆ ಮಯೋರ್ಕಾದ ರಾಮನ್ ಲುಲ್ ಧರ್ಮಾಧಿಕಾರಿಗಳ ಆಯ್ಕೆಗೆ ಇದನ್ನು ಸೂಚಿಸಿದ್ದ. 15ನೇ ಶತಮಾನದಲ್ಲಿ ಜರ್ಮನಿಯ ಕೂಸಾದ ನಿಕೊಲಸ್ ಅಂಕ ಕೊಡುವ ಪದ್ಧತಿಯನ್ನು ವಿವರಿಸಿದ. ಎರಡೂ ಮರೆತುಹೋದವು. ಗಣಿತವಾಗಿ ಚರ್ಚೆ ಆರಂಭವಾದದ್ದು 18ನೇ ಶತಮಾನದ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯಲ್ಲಿ. ನೌಕಾಧಿಕಾರಿಯಾಗಿದ್ದ ಜಾನ್ ಶಾರ್ಲ್ ದ ಬೋರ್ಡಾ 1770ರಲ್ಲಿ ಅಂಕಗಳ ಪದ್ಧತಿಯನ್ನು ಮಂಡಿಸಿದ. ಮಾರ್ಕ್ವಿಸ್ ದ ಕಾಂಡೋರ್ಸೆ 1785ರ ಗ್ರಂಥದಲ್ಲಿ ಜೋಡಿ ಹೋಲಿಕೆಯನ್ನು ಎತ್ತಿಹಿಡಿದು, ಅದರಲ್ಲೇ ಅಡಗಿದ್ದ ವಿರೋಧಾಭಾಸವನ್ನೂ ತಾನೇ ತೋರಿಸಿದ. 1870ರ ದಶಕದಲ್ಲಿ ಆಕ್ಸ್‌ಫರ್ಡಿನ ಗಣಿತದ ಅಧ್ಯಾಪಕ ಚಾರ್ಲ್ಸ್ ಡಾಡ್ಜ್‌ಸನ್ ಕಾಲೇಜಿನ ಸಮಿತಿಗಳಿಗಾಗಿ ಇದೇ ಪ್ರಶ್ನೆಯನ್ನು ಕೈಗೆತ್ತಿಕೊಂಡ. ಆಲಿಸ್ ಕಥೆಗಳ ಲೂಯಿಸ್ ಕ್ಯಾರಲ್ ಈತನೇ.

1948ರಲ್ಲಿ ಸ್ಕಾಟ್ಲೆಂಡಿನ ಡಂಕನ್ ಬ್ಲ್ಯಾಕ್ ಒಂದು ಸಮಾಧಾನದ ಫಲಿತಾಂಶ ಕೊಟ್ಟರು. ಆಯ್ಕೆಗಳೆಲ್ಲ ಒಂದೇ ಸಾಲಿನಲ್ಲಿದ್ದು, ಪ್ರತಿ ಮತದಾರನಿಗೂ ಸಾಲಿನ ಒಂದು ಬಿಂದು ಅಚ್ಚುಮೆಚ್ಚಾಗಿ, ಅಲ್ಲಿಂದ ಯಾವ ದಿಕ್ಕಿಗೆ ಸರಿದರೂ ಇಷ್ಟ ಇಳಿಯುತ್ತ ಹೋದರೆ, ನಟ್ಟನಡುವಿನ ಮತದಾರನ ಆಯ್ಕೆ ಎದುರುಬದುರಿನಲ್ಲಿ ಯಾವುದಕ್ಕೂ ಸೋಲುವುದಿಲ್ಲ. ಮೇಲಿನ ಉದಾಹರಣೆಯಲ್ಲಿ ಶಹಾಪುರ ಗೆದ್ದದ್ದು ಈ ಕಾರಣಕ್ಕೇ. ಮೂರು ಊರುಗಳು ಒಂದೇ ರಸ್ತೆಯ ಮೇಲಿದ್ದುದರಿಂದ ಇಷ್ಟಗಳಿಗೆ ಅಂಥ ಕಟ್ಟು ಸಿಕ್ಕಿತು. ಜೀವನದ ಎಲ್ಲ ಪ್ರಶ್ನೆಗಳೂ ಹೀಗೆ ಒಂದೇ ರಸ್ತೆಯ ಮೇಲೆ ನಿಲ್ಲುವುದಿಲ್ಲ.

ಕಾಲುವೆಯ ಕೊನೆ ಭಾಗ ಮತ್ತು ಸುತ್ತು

ನಾರಾಯಣಪುರದ ಬಸವಸಾಗರ ಜಲಾಶಯದಿಂದ ಎಡದಂಡೆ ಕಾಲುವೆ ಮತ್ತು ಅದರ ಶಾಖೆಗಳು ಹುಣಸಗಿ, ಸುರಪುರ, ಶಹಾಪುರ ಕಡೆಯ ಹೊಲಗಳಿಗೆ ಕೃಷ್ಣೆಯ ನೀರು ಒಯ್ಯುತ್ತವೆ. ಮೇಲ್ಭಾಗದವರಿಗೆ ಸಿಕ್ಕಷ್ಟು ನೀರು ಕೊನೆ ಭಾಗದವರಿಗೆ ಸಿಗದಿರುವುದು ಇಲ್ಲಿನ ರೈತರ ಬಹುಕಾಲದ ಸಂಕಟ. ಇಂಥ ಕಾಲುವೆಯೊಂದರ ನೀರು ಬಳಕೆದಾರರ ಸಂಘದಲ್ಲಿ ಸ್ವಲ್ಪ ಹಣವಿದೆ, ಒಂದು ಕೆಲಸಕ್ಕಷ್ಟೇ ಸಾಲುತ್ತದೆ ಎನ್ನೋಣ: ಹೂಳು ತೆಗೆಸುವುದು, ತೂಬು ರಿಪೇರಿ, ಇಲ್ಲವೆ ಕಾಲುವೆ ದಂಡೆಯ ರಸ್ತೆ. ಕೊನೆ ಭಾಗದವರ ಕ್ರಮ ಹೂಳು, ತೂಬು, ರಸ್ತೆ. ನಡುಭಾಗದವರದು ತೂಬು, ರಸ್ತೆ, ಹೂಳು. ಮೇಲ್ಭಾಗದವರದು ರಸ್ತೆ, ಹೂಳು, ತೂಬು. ಮೂರು ಗುಂಪುಗಳೂ ಸಮಸಂಖ್ಯೆಯಲ್ಲಿವೆ.

ಹೂಳು ಮತ್ತು ತೂಬಿನ ನಡುವೆ ಮೂರರಲ್ಲಿ ಎರಡು ಗುಂಪು ಹೂಳಿನ ಕಡೆ. ತೂಬು ಮತ್ತು ರಸ್ತೆಯ ನಡುವೆ ಎರಡು ಗುಂಪು ತೂಬಿನ ಕಡೆ. ಹಾಗಾದರೆ ಹೂಳು ರಸ್ತೆಗಿಂತ ಮೇಲಾಗಬೇಕಿತ್ತು. ಕೇಳಿದರೆ ಎರಡು ಗುಂಪು ರಸ್ತೆಯ ಕಡೆ ನಿಲ್ಲುತ್ತವೆ. ಪ್ರತಿಯೊಬ್ಬ ರೈತನ ವಿಚಾರದಲ್ಲೂ ಗೊಂದಲವಿಲ್ಲ, ಸಂಘದ ಬಹುಮತ ಮಾತ್ರ ಸುತ್ತು ಹೊಡೆಯುತ್ತದೆ. ಇದೇ ಕಾಂಡೋರ್ಸೆ ಕಂಡ ವಿರೋಧಾಭಾಸ. ಇಂಥ ಹೊತ್ತಿನಲ್ಲಿ ಅಧಿಕಾರವೆಲ್ಲ ಅಧ್ಯಕ್ಷರ ಕೈಗೆ ಹೋಗುತ್ತದೆ. ಯಾವ ಎರಡನ್ನು ಮೊದಲು ಮತಕ್ಕೆ ಹಾಕಿ ಗೆದ್ದದ್ದನ್ನು ಮೂರನೆಯದರ ಎದುರು ನಿಲ್ಲಿಸಬೇಕೆಂದು ಅವರು ನಿರ್ಧರಿಸುತ್ತಾರೆ. ಕೊನೆಗೆ ಬಂದದ್ದೇ ಗೆಲ್ಲುತ್ತದೆ. ಸಭೆಯ ಕಾರ್ಯಸೂಚಿಯ ಕ್ರಮ ಬರೀ ಔಪಚಾರಿಕ ಎಂದು ನಂಬಿದವರು ಈ ಲೆಕ್ಕವನ್ನು ಒಮ್ಮೆ ಕೈಯಾರೆ ಮಾಡಿ ನೋಡಬೇಕು.

ಇದು ಎಷ್ಟು ಬಾರಿ ಸಂಭವಿಸಬಹುದು? ಮೂರು ಆಯ್ಕೆಗಳನ್ನು ಒಬ್ಬರು ಆರು ಬಗೆಯಲ್ಲಿ ಜೋಡಿಸಬಹುದು. ಮೂವರು ಮತದಾರರಿಗೆ 216 ಸಾಧ್ಯತೆಗಳು. ಅವುಗಳಲ್ಲಿ 12 ಸುತ್ತು ಹೊಡೆಯುತ್ತವೆ, ಅಂದರೆ ಶೇ 5.6ರಷ್ಟು. ಎಲ್ಲ ಕ್ರಮಗಳೂ ಸಮಸಂಭವವೆಂದು ಭಾವಿಸಿ ಮತದಾರರ ಸಂಖ್ಯೆ ಹೆಚ್ಚಿಸುತ್ತ ಹೋದರೆ ಇದು ಶೇ 8.8ರ ಸಮೀಪಕ್ಕೆ ಬಂದು ನಿಲ್ಲುತ್ತದೆ. ಆಯ್ಕೆಗಳ ಸಂಖ್ಯೆ ಹೆಚ್ಚಿದಂತೆ ಸುತ್ತಿನ ಸಾಧ್ಯತೆ ಮತ್ತಷ್ಟು ಏರುತ್ತದೆ.

ಆರೋ ಪ್ರಮೇಯ

ಕೆನೆತ್ ಆರೋ 1951ರಲ್ಲಿ ಪ್ರಕಟಿಸಿದ ಪ್ರಮೇಯ ಈ ಶಾಸ್ತ್ರದ ನಡುಗಂಬ. ಅವರು ಒಂದೊಂದು ನಿಯಮವನ್ನೇ ಹಿಡಿದು ಪರೀಕ್ಷಿಸಲಿಲ್ಲ; ಇರಬಹುದಾದ ನಿಯಮಗಳೆಲ್ಲವನ್ನೂ ಒಟ್ಟಿಗೆ ಪ್ರಶ್ನಿಸಿದರು. ಮತದಾರರು ಆಯ್ಕೆಗಳನ್ನು ಯಾವ ಕ್ರಮದಲ್ಲಿ ಜೋಡಿಸಿದರೂ ನಿಯಮ ಸುತ್ತಿಲ್ಲದ ಒಂದು ಸಾಮೂಹಿಕ ಕ್ರಮ ಕೊಡಬೇಕು. ಎಲ್ಲರೂ ಒಂದನ್ನು ಇನ್ನೊಂದಕ್ಕಿಂತ ಮೇಲೆಂದರೆ ಸಮಾಜವೂ ಹಾಗೇ ಹೇಳಬೇಕು. ಎರಡು ಆಯ್ಕೆಗಳ ನಡುವಿನ ತೀರ್ಮಾನ ಆ ಎರಡರ ಬಗ್ಗೆ ಜನ ಏನೆನ್ನುತ್ತಾರೆ ಎಂಬುದನ್ನಷ್ಟೇ ಅವಲಂಬಿಸಬೇಕು. ಮೂರನೆಯದು ಕಣದಲ್ಲಿ ಇದೆಯೋ ಇಲ್ಲವೋ ಎಂಬುದು ಅದನ್ನು ಕದಲಿಸಬಾರದು. ಯಾರೊಬ್ಬರ ಇಷ್ಟವೇ ಸದಾ ಸಮಾಜದ ಇಷ್ಟವಾಗಿಬಿಡಬಾರದು. ಯಾರೂ ಬೇಡವೆನ್ನಲಾರದ ಈ ಷರತ್ತುಗಳು, ಆಯ್ಕೆಗಳು ಮೂರು ಅಥವಾ ಹೆಚ್ಚಾದಾಗ, ಒಟ್ಟಿಗೆ ಈಡೇರುವುದು ಅಸಾಧ್ಯ. ಮೂರು ಊರುಗಳ ಉದಾಹರಣೆಯಲ್ಲಿ ಹೆಚ್ಚು ಮತದ ನಿಯಮ ಮುರಿದದ್ದು ಮೂರನೆಯ ಷರತ್ತನ್ನು: ಗೆಲ್ಲದ ಶಹಾಪುರ ಕಣದಿಂದ ಹಿಂದೆ ಸರಿದಿದ್ದರೆ 40-35ರಿಂದ ಮುಂದಿದ್ದ ಯಾದಗಿರಿ 48-52ರಿಂದ ಸೋಲುತ್ತಿತ್ತು.

ಸಾಧನೆಯ ತಿರುಳನ್ನು ಕಾಲುವೆ ಸಂಘದಲ್ಲೇ ಕಾಣಬಹುದು. ಕೊನೆ ಭಾಗದವರೂ ನಡುಭಾಗದವರೂ ಒಂದಾದರೆ ಅವರ ಮಾತೇ ನಡೆಯುತ್ತದೆ, ಅಂದರೆ ಆ ಕೂಟ ನಿರ್ಣಾಯಕ ಎಂದುಕೊಳ್ಳಿ. ಎರಡೂ ಗುಂಪು ತೂಬನ್ನು ರಸ್ತೆಗಿಂತ ಮೇಲೆನ್ನುವುದರಿಂದ ಸಂಘದ ತೀರ್ಮಾನವೂ ಅದೇ. ಈಗ ಹೂಳು ಮತ್ತು ರಸ್ತೆಯನ್ನು ಹೋಲಿಸಿ. ಸಂಘ ಹೂಳನ್ನು ಮೇಲೆಂದರೆ, ಹಾಗೆ ಹೇಳಿದವರು ಕೊನೆ ಭಾಗದವರಷ್ಟೇ ಆದ್ದರಿಂದ, ಅವರೊಬ್ಬರೇ ನಿರ್ಣಾಯಕರಾದರು. ಹಾಗೆನ್ನದಿದ್ದರೆ ರಸ್ತೆ ಹೂಳಿಗೆ ಸಮ ಅಥವಾ ಮೇಲು. ತೂಬು ರಸ್ತೆಗಿಂತ ಮೇಲೆಂದು ಆಗಲೇ ತೀರ್ಮಾನವಾಗಿದೆ. ಆದ್ದರಿಂದ ತೂಬು ಹೂಳಿಗಿಂತ ಮೇಲು. ಇದನ್ನು ಹೇಳಿದವರು ನಡುಭಾಗದವರಷ್ಟೇ, ಹಾಗಾಗಿ ಅವರೊಬ್ಬರೇ ನಿರ್ಣಾಯಕರು. ಒಂದು ಜೋಡಿಯಲ್ಲಿ ನಿರ್ಣಾಯಕವಾದ ಗುಂಪು ಎಲ್ಲ ಜೋಡಿಗಳಲ್ಲೂ ನಿರ್ಣಾಯಕವಾಗುತ್ತದೆ ಎಂದು ಪ್ರತ್ಯೇಕವಾಗಿ ತೋರಿಸಬಹುದು. ಹೀಗೆ ಪ್ರತಿ ನಿರ್ಣಾಯಕ ಕೂಟವನ್ನೂ ಒಡೆಯುತ್ತ ಹೋದರೆ ಕೊನೆಗೆ ಉಳಿಯುವುದು ಒಬ್ಬ ವ್ಯಕ್ತಿ, ಸರ್ವಾಧಿಕಾರಿ. ಕಾಂಡೋರ್ಸೆ ಒಂದು ತೊಡಕೆಂದು ಗುರುತಿಸಿದ ಅದೇ ಸುತ್ತನ್ನು ಆರೋ ಉಪಕರಣವಾಗಿ ಬಳಸಿ ಸಾಧನೆ ಕಟ್ಟಿದರು. ಈ ಪ್ರಮೇಯದ ಸೊಬಗು ಇರುವುದು ಅಲ್ಲಿ. ಅವರಿಗೆ 1972ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂದಿತು.

ಪ್ರಾಶಸ್ತ್ಯ ಮತಗಳು

ವಿಧಾನ ಪರಿಷತ್ತಿನ ಪದವೀಧರರ, ಶಿಕ್ಷಕರ ಮತ್ತು ಸ್ಥಳೀಯ ಸಂಸ್ಥೆಗಳ ಕ್ಷೇತ್ರಗಳಿಗೆ ಸಂವಿಧಾನದ 171ನೇ ವಿಧಿ ವರ್ಗಾವಣೆಯಾಗಬಲ್ಲ ಒಂಟಿ ಮತವನ್ನು ಗೊತ್ತುಪಡಿಸಿದೆ. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು ಮುಂತಾದ ಜಿಲ್ಲೆಗಳು ಸೇರಿ ಈಶಾನ್ಯ ಕ್ಷೇತ್ರಗಳು. ಕಲಬುರಗಿ-ಯಾದಗಿರಿ ಸೇರಿ ಸ್ಥಳೀಯ ಸಂಸ್ಥೆಗಳ ಕ್ಷೇತ್ರ. ಮತಪತ್ರದ ಜೊತೆ ಕೊಡುವ ನೇರಳೆ ಸ್ಕೆಚ್ ಪೆನ್ನಿನಿಂದಲೇ ಅಂಕಿ ಬರೆಯಬೇಕು. ರೋಮನ್ ಅಂಕಿಯೂ ಆಗುತ್ತದೆ, ಕನ್ನಡ ಅಂಕಿಯೂ ಆಗುತ್ತದೆ; ಅಕ್ಷರದಲ್ಲಿ ‘ಒಂದು’ ಎಂದು ಬರೆದರೆ ಮಾತ್ರ ಆಗದು. ಒಂದೇ ಸ್ಥಾನವಿದ್ದಾಗ ಸಿಂಧುವಾದ ಮತಗಳ ಅರ್ಧಕ್ಕೆ ಒಂದು ಕೂಡಿಸಿದರೆ ಬರುವುದು ಗೆಲುವಿನ ಕೋಟಾ. ಮೊದಲ ಪ್ರಾಶಸ್ತ್ಯದಲ್ಲಿ ಯಾರೂ ಅದನ್ನು ಮುಟ್ಟದಿದ್ದರೆ ಕಡಿಮೆ ಮತದವರನ್ನು ಒಬ್ಬೊಬ್ಬರಾಗಿ ಎಲಿಮಿನೇಷನ್ ಮಾಡಿ ಅವರ ಮತಪತ್ರಗಳನ್ನು ಮುಂದಿನ ಪ್ರಾಶಸ್ತ್ಯದವರಿಗೆ ಹಂಚುತ್ತಾರೆ. ರಾಜ್ಯಸಭೆಯಂತೆ ಹಲವು ಸ್ಥಾನಗಳಿದ್ದಾಗ ಪ್ರತಿ ಮತಪತ್ರಕ್ಕೆ 100ರ ಮೌಲ್ಯ ಕಟ್ಟಿ, ಗೆದ್ದವರ ಹೆಚ್ಚುವರಿ ಮತವನ್ನೂ ವರ್ಗಾಯಿಸುತ್ತಾರೆ. ಡೆನ್ಮಾರ್ಕಿನ ಕಾರ್ಲ್ ಆಂದ್ರೆ 1855ರಲ್ಲಿ, ಇಂಗ್ಲೆಂಡಿನ ಥಾಮಸ್ ಹೇರ್ 1857ರಲ್ಲಿ ಈ ಪದ್ಧತಿಯನ್ನು ಬೇರೆ ಬೇರೆಯಾಗಿ ರೂಪಿಸಿದರು.

ಭಾರತದಲ್ಲಿ ಇದರ ಅತಿ ದೊಡ್ಡ ಪರೀಕ್ಷೆ 1969ರ ರಾಷ್ಟ್ರಪತಿ ಚುನಾವಣೆ. ಆ ಜುಲೈನಲ್ಲಿ ಬೆಂಗಳೂರಿನಲ್ಲಿ ಸೇರಿದ್ದ ಕಾಂಗ್ರೆಸ್ ವರಿಷ್ಠರು ಇಂದಿರಾ ಗಾಂಧಿಯವರ ಇಷ್ಟಕ್ಕೆ ವಿರುದ್ಧವಾಗಿ ನೀಲಂ ಸಂಜೀವ ರೆಡ್ಡಿಯವರನ್ನು ಅಭ್ಯರ್ಥಿಯನ್ನಾಗಿ ಆರಿಸಿದರು. 1965ರಿಂದ 67ರವರೆಗೆ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ವಿ.ವಿ. ಗಿರಿ ಸ್ವತಂತ್ರರಾಗಿ ನಿಂತರು. ಗೆಲುವಿಗೆ ಬೇಕಿದ್ದುದು 4,18,169. ಮೊದಲ ಎಣಿಕೆಯಲ್ಲಿ ಗಿರಿಯವರಿಗೆ 4,01,515, ರೆಡ್ಡಿಯವರಿಗೆ 3,13,548, ಸಿ.ಡಿ. ದೇಶಮುಖರಿಗೆ 1,12,769. ಯಾರೂ ಕೋಟಾ ಮುಟ್ಟಲಿಲ್ಲ. ಮುಂದಿನ ಪ್ರಾಶಸ್ತ್ಯಗಳು ಕೂಡಿದ ಮೇಲೆ ಗಿರಿ 4,20,077ಕ್ಕೂ ರೆಡ್ಡಿ 4,05,427ಕ್ಕೂ ತಲುಪಿದರು. 87,967ರಷ್ಟಿದ್ದ ಮುನ್ನಡೆ 14,650ಕ್ಕೆ ಕುಗ್ಗಿತು. ಮೊದಲ ಆಯ್ಕೆಯ ಎಣಿಕೆ ಮುಚ್ಚಿಟ್ಟಿದ್ದ ಪೈಪೋಟಿಯ ನಿಜವಾದ ಬಿಗಿ ಎರಡನೆಯ ಪ್ರಾಶಸ್ತ್ಯದಲ್ಲಿ ಹೊರಬಂದಿತು.

ಈ ಪದ್ಧತಿಗೂ ದೋಷವಿದೆ. ಮೂರು ಊರುಗಳ ಲೆಕ್ಕಕ್ಕೆ ಮರಳಿದರೆ, ಯಾದಗಿರಿಯವರಿಗೆ ಎಲ್ಲಕ್ಕಿಂತ ಬೇಡವಾದ ಸುರಪುರ ಇದರಲ್ಲಿ ಗೆದ್ದಿತ್ತು. ಆ 40ರಲ್ಲಿ 16 ಜನ ಮನೆಯಲ್ಲೇ ಉಳಿದಿದ್ದರೆ 24 ಮತದ ಯಾದಗಿರಿಯೇ ಮೊದಲು ಹೊರಬಿದ್ದು, ಆ ಮತಗಳು ಶಹಾಪುರಕ್ಕೆ ಹೋಗಿ ಅದು 49-35ರಿಂದ ಗೆಲ್ಲುತ್ತಿತ್ತು. ಮತ ಹಾಕಿದ್ದೇ ಅವರಿಗೆ ಹಾನಿಯಾಯಿತು. ಗೈರುಹಾಜರಿಯ ವಿರೋಧಾಭಾಸವೆಂಬ ಈ ದೋಷ ಕಾಂಡೋರ್ಸೆ ಮಾರ್ಗದಲ್ಲೂ ತಪ್ಪುವುದಿಲ್ಲ. ನಾಲ್ಕು ಅಥವಾ ಹೆಚ್ಚು ಆಯ್ಕೆಗಳಿದ್ದಾಗ ಕಾಂಡೋರ್ಸೆ ವಿಜೇತನನ್ನು ಸದಾ ಗೆಲ್ಲಿಸುವ ಯಾವ ನಿಯಮವೂ ಇದಕ್ಕೆ ಒಳಗಾಗುತ್ತದೆ ಎಂದು ಎರ್ವೆ ಮೂಲಾನ್ 1988ರಲ್ಲಿ ತೋರಿಸಿದರು.

‘ಓಟು ಯಾಕ ಹಾಳ ಮಾಡಬೇಕು’ ಎಂದು ಗೆಲ್ಲುವ ಇಬ್ಬರಲ್ಲಿ ಒಬ್ಬರನ್ನು ಆರಿಸುವ ಮತದಾರನ ಲೆಕ್ಕಾಚಾರಕ್ಕೂ ಒಂದು ಪ್ರಮೇಯವಿದೆ. ಆಯ್ಕೆಗಳು ಮೂರಕ್ಕಿಂತ ಕಡಿಮೆಯಿಲ್ಲದೆ, ಎಲ್ಲಕ್ಕೂ ಗೆಲ್ಲುವ ಅವಕಾಶವಿದ್ದು, ಚೀಟಿಯ ಅದೃಷ್ಟ ಸೇರದ, ಸರ್ವಾಧಿಕಾರಿಯಿಲ್ಲದ ಪ್ರತಿ ನಿಯಮದಲ್ಲೂ ಮನಸ್ಸಿನ ಮಾತು ಬಿಟ್ಟು ಬೇರೆ ಬರೆದು ಲಾಭ ಪಡೆಯುವ ಸಂದರ್ಭ ಯಾರಿಗಾದರೂ ಬಂದೇ ಬರುತ್ತದೆ. ಆಲನ್ ಗಿಬ್ಬರ್ಡ್ 1973ರಲ್ಲಿ, ಮಾರ್ಕ್ ಸ್ಯಾಟರ್‌ತ್ವೇಟ್ 1975ರಲ್ಲಿ ಇದನ್ನು ಸಾಧಿಸಿದರು. ಆದ್ದರಿಂದ ಲೆಕ್ಕ ಹಾಕಿ ಮತ ಕೊಡುವವನನ್ನು ಅಪ್ರಾಮಾಣಿಕನೆಂದು ಹಳಿಯುವುದು ತಪ್ಪು. ಆ ಒತ್ತಡ ನಿಯಮದೊಳಗೇ ಇದೆ.

ಸಂವಿಧಾನ ಸಭೆಯಲ್ಲಿ ಪ್ರಮಾಣಾನುಸಾರ ಪ್ರಾತಿನಿಧ್ಯದ ಸೂಚನೆ ಬಂದಾಗ ಡಾ. ಅಂಬೇಡ್ಕರ್ ಅದನ್ನು ಒಪ್ಪಲಿಲ್ಲ. ಅಂಕಿ ಬರೆಯುವ ಮಟ್ಟಿನ ಸಾಕ್ಷರತೆ ದೇಶದಲ್ಲಿಲ್ಲ, ಸದನ ಚೂರುಚೂರಾಗಿ ಸ್ಥಿರ ಸರ್ಕಾರ ಸಿಗದು ಎಂಬವು ಅವರ ಕಾರಣಗಳು. ಎರಡನೆಯ ಕಾರಣ ಇಂದಿಗೂ ಗಟ್ಟಿಯಾಗಿದೆ. ಮೊದಲನೆಯದನ್ನು ಮತ್ತೆ ಪರಿಶೀಲಿಸಬೇಕು. ‘ಇವರು ಬೇಕು, ಇವರು ಆಗಲಿಲ್ಲಂದ್ರ ಅವರಾದ್ರೂ ಬರಲಿ’ ಎಂದು ಯಾದಗಿರಿಯ ಸಂತೆಯಲ್ಲಿ ಯಾವ ಕೂಲಿಕಾರಳೂ ಹೇಳಬಲ್ಲಳು. ಹೇಳಬಲ್ಲದ್ದನ್ನು ದಾಖಲಿಸುವ ಅವಕಾಶ ಪದವೀಧರರಿಗೆ, ಶಿಕ್ಷಕರಿಗೆ, ಚುನಾಯಿತರಿಗೆ ಮಾತ್ರ ಇರುವುದು ಸಮರ್ಥನೀಯವಲ್ಲ.

ಒಂದೇ ವಾರ್ಡು, ಹಲವು ಮತ

ಗ್ರಾಮ ಪಂಚಾಯಿತಿಯ ಬಹುಸದಸ್ಯ ವಾರ್ಡಿನಲ್ಲಿ ಎಷ್ಟು ಸ್ಥಾನವೋ ಮತದಾರನಿಗೆ ಅಷ್ಟು ಮತ, ಒಬ್ಬ ಅಭ್ಯರ್ಥಿಗೆ ಒಂದೇ. ಶಿಸ್ತಿನಿಂದ ಒಟ್ಟಾಗಿ ಮತ ಹಾಕುವ ಶೇ 51ರ ಗುಂಪು ಇಲ್ಲಿ ಸಾಮಾನ್ಯ ಸ್ಥಾನಗಳೆಲ್ಲವನ್ನೂ ಗೆಲ್ಲಬಲ್ಲದು. ಶೇ 49ಕ್ಕೆ ಒಂದೂ ಉಳಿಯದು. ಮೀಸಲು ಸ್ಥಾನಗಳು ಯಾರು ಸ್ಪರ್ಧಿಸಬಹುದು ಎಂಬುದನ್ನು ಕಟ್ಟುಪಾಡಿಗೊಳಪಡಿಸುತ್ತವೆ, ಆರಿಸುವವರು ಮಾತ್ರ ಇಡೀ ವಾರ್ಡಿನವರು. ಲೋಕಸಭೆಗೂ ಒಂದು ಕಾಲಕ್ಕೆ ದ್ವಿಸದಸ್ಯ ಕ್ಷೇತ್ರಗಳಿದ್ದವು. 1957ರಲ್ಲಿ ಆಂಧ್ರದ ಪಾರ್ವತಿಪುರಂನಲ್ಲಿ ಒಂದು ಸಾಮಾನ್ಯ, ಒಂದು ಪರಿಶಿಷ್ಟ ಪಂಗಡದ ಸ್ಥಾನವಿದ್ದು, ಎರಡನ್ನೂ ಪರಿಶಿಷ್ಟ ಪಂಗಡದ ಅಭ್ಯರ್ಥಿಗಳೇ ಗೆದ್ದರು. ಸೋತವರು ಇದೇ ವಿ.ವಿ. ಗಿರಿ. ಅವರ ತಕರಾರನ್ನು ಸುಪ್ರೀಂ ಕೋರ್ಟ್ 1959ರಲ್ಲಿ ತಳ್ಳಿಹಾಕಿತು. 1961ರಲ್ಲಿ ದ್ವಿಸದಸ್ಯ ಕ್ಷೇತ್ರಗಳೇ ರದ್ದಾದವು. ಒಬ್ಬ ವ್ಯಕ್ತಿ ಒಂದು ನಿಯಮದಡಿ ಸೋತು, ಹನ್ನೆರಡು ವರ್ಷದ ಬಳಿಕ ಇನ್ನೊಂದು ನಿಯಮದಡಿ ರಾಷ್ಟ್ರಪತಿಯಾದರು.

ಅವಿರೋಧ ಆಯ್ಕೆ ಗಣಿತದಲ್ಲಿ ಪ್ರತಿಯೊಬ್ಬನಿಗೂ ತಡೆಯುವ ಅಧಿಕಾರ ಕೊಡುವ ನಿಯಮ. ಹಳ್ಳಿಯಲ್ಲಿ ಅದು ನಿಜವಾದ ಒಮ್ಮತವೋ ದುಡ್ಡಿನ ಅಥವಾ ದೊಡ್ಡವರ ಭಯದ ಫಲವೋ ಎಂಬುದನ್ನು ಯಾವ ಪ್ರಮೇಯವೂ ಹೇಳಲಾರದು. 2020ರ ಗ್ರಾಮ ಪಂಚಾಯಿತಿ ಚುನಾವಣೆಯ ಹೊತ್ತಿಗೆ ಉತ್ತರ ಕರ್ನಾಟಕದ ಕೆಲವೆಡೆ ಸದಸ್ಯ ಸ್ಥಾನಗಳನ್ನು ಹರಾಜು ಹಾಕಿದ ವರದಿಗಳು ಬಂದವು. ಹರಾಜಿನಲ್ಲಿ ಎಲ್ಲ ಮತದಾರರೂ ಸಮಾನರೆಂಬ, ಮೇ ಪ್ರಮೇಯದ ಮೊದಲ ಷರತ್ತೇ ಬಿದ್ದುಹೋಗುತ್ತದೆ.

ಸೂಚ್ಯಂಕಗಳೂ ಮತದಾರರೇ

ಆರೋ ಪ್ರಮೇಯದಿಂದ ಹೊರಬರುವ ದಾರಿಯನ್ನು ಅಮರ್ತ್ಯ ಸೇನ್ 1970ರ ತಮ್ಮ ಗ್ರಂಥದಲ್ಲಿ ತೋರಿಸಿದರು. ದೆಹಲಿ ಸ್ಕೂಲ್ ಆಫ್ ಇಕನಾಮಿಕ್ಸ್‌ನಲ್ಲಿ ಕಲಿಸುತ್ತಿದ್ದ ವರ್ಷಗಳಲ್ಲಿ ಈ ಕ್ಷೇತ್ರದಲ್ಲಿ ದುಡಿದ ಅವರು, ಪ್ರಸಂತ ಪಟ್ಟನಾಯಕರೊಡನೆ ಸೇರಿ ಬಹುಮತ ಎಂಥ ಸಂದರ್ಭಗಳಲ್ಲಿ ಸುತ್ತು ಹೊಡೆಯುವುದಿಲ್ಲ ಎಂಬುದನ್ನೂ ಗೊತ್ತುಮಾಡಿದ್ದರು. ಯಾವುದು ಮೇಲು, ಯಾವುದು ಕೆಳಗು ಎಂಬ ಕ್ರಮವನ್ನಷ್ಟೇ ಅಲ್ಲದೆ ಎಷ್ಟು ಮೇಲು, ಯಾರ ಸ್ಥಿತಿ ಯಾರಿಗಿಂತ ಕಷ್ಟ ಎಂಬ ಮಾಹಿತಿಯನ್ನೂ ಒಳಗೆ ಬಿಟ್ಟರೆ ಅಸಾಧ್ಯತೆ ಸಡಿಲಗೊಳ್ಳುತ್ತದೆ ಎಂಬುದು ಅವರ ಕೊಡುಗೆ. 1998ರ ನೊಬೆಲ್ ಬಂದದ್ದು ಇಂಥ ಕೆಲಸಕ್ಕೆ.

ಕರ್ನಾಟಕದಲ್ಲಿ ಇದರ ದೊಡ್ಡ ಪ್ರಯೋಗ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ 2002ರ ವರದಿ. ಅದು 35 ಸೂಚಕಗಳನ್ನು ಕೂಡಿಸಿ 175 ತಾಲ್ಲೂಕುಗಳಿಗೆ ಒಂದೊಂದು ಸಂಯುಕ್ತ ಸೂಚ್ಯಂಕ ಕೊಟ್ಟಿತು. ಸೂಚಕಗಳನ್ನು ಮತದಾರರೆಂದೂ ತಾಲ್ಲೂಕುಗಳನ್ನು ಅಭ್ಯರ್ಥಿಗಳೆಂದೂ ಭಾವಿಸಿದರೆ ಇದು ಆರೋ ಕೇಳಿದ ಪ್ರಶ್ನೆಯೇ. ಸಾಕ್ಷರತೆಯಲ್ಲಿ ಒಂದು ತಾಲ್ಲೂಕು ಹಿಂದೆ, ನೀರಾವರಿಯಲ್ಲಿ ಇನ್ನೊಂದು, ಆಸ್ಪತ್ರೆಯಲ್ಲಿ ಮತ್ತೊಂದು. ಒಟ್ಟಿನಲ್ಲಿ ಯಾವುದು ಹಿಂದೆ? ಸಮಿತಿ ಕ್ರಮಾಂಕಗಳ ಬದಲು ಅಳತೆಗಳನ್ನೇ ತೆಗೆದುಕೊಂಡು, ರಾಜ್ಯದ ಸರಾಸರಿಯನ್ನು 1 ಎಂದಿಟ್ಟು, ತೂಕ ಕಟ್ಟಿ ಕೂಡಿಸಿದ್ದರಿಂದ ಉತ್ತರ ಸಿಕ್ಕಿತು. 114 ತಾಲ್ಲೂಕುಗಳು ಹಿಂದುಳಿದವೆಂದು ಎಣಿಕೆಯಾದವು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ಯಾದಗಿರಿ, ಶಹಾಪುರ, ಸುರಪುರ ಮೂರೂ ಆ 39ರೊಳಗಿದ್ದವು. 0.80ರಿಂದ ಆರಂಭವಾಗುವ ಗುಂಪಿಗೂ 0.79ಕ್ಕೆ ಮುಗಿಯುವ ಅತ್ಯಂತ ಹಿಂದುಳಿದ ಗುಂಪಿಗೂ ನಡುವಿನ ಗೆರೆ ಅನುದಾನದ ಹಂಚಿಕೆಯಲ್ಲಿ ನಿಜವಾದ ಗೆರೆ. ಯಾವ ಸೂಚಕಕ್ಕೆ ಎಷ್ಟು ತೂಕ ಎಂಬ ತೀರ್ಮಾನ ತಜ್ಞರದು. ಅದನ್ನು ಯಾರೂ ಮತಕ್ಕೆ ಹಾಕಲಿಲ್ಲ.

ಆ ವರದಿಯ ಕಾಲಕ್ಕೆ ಹುಣಸಗಿ ಸುರಪುರ ತಾಲ್ಲೂಕಿನೊಳಗೆ, ಗುರುಮಠಕಲ್ ಯಾದಗಿರಿ ತಾಲ್ಲೂಕಿನೊಳಗೆ ಇದ್ದವು. ಈಗ ಅವೂ ವಡಗೇರಾವೂ ಸ್ವತಂತ್ರ ತಾಲ್ಲೂಕುಗಳು. ಕಾಲುವೆಯ ನೀರು ಮೊದಲು ತಲುಪುವ ಹಳ್ಳಿಗಳು ಹುಣಸಗಿಗೆ ಹೋದ ಮೇಲೆ, ಒಂದು ಹೊಲವೂ ಒಂದು ಶಾಲೆಯೂ ಬದಲಾಗದೆ ಸುರಪುರದ ಸರಾಸರಿ ಬದಲಾಗುತ್ತದೆ. ವಿಧಾನಸಭಾ ಕ್ಷೇತ್ರಗಳಿಗೂ ಇದೇ ಮಾತು ಹೊಂದುತ್ತದೆ. 1972ರಿಂದ 2004ರವರೆಗೆ ಮಲ್ಲಿಕಾರ್ಜುನ ಖರ್ಗೆ ಎಂಟು ಬಾರಿ ಗೆದ್ದ ಗುರುಮಠಕಲ್, 2008ರ ಪುನರ್‌ವಿಂಗಡಣೆಯಲ್ಲಿ ಸಾಮಾನ್ಯ ಕ್ಷೇತ್ರವಾಗಿ ಅವರು ಚಿತ್ತಾಪುರಕ್ಕೆ ಹೋದರು. ಸುರಪುರ ಪರಿಶಿಷ್ಟ ಪಂಗಡಕ್ಕೆ ಮೀಸಲಾಯಿತು. ಆಗ ಆಧಾರವಾದದ್ದು 2001ರ ಜನಗಣತಿ. ರಾಜ್ಯಗಳಿಗಿರುವ ಸ್ಥಾನಗಳ ಸಂಖ್ಯೆಯನ್ನು 2026ರ ನಂತರದ ಮೊದಲ ಜನಗಣತಿಯವರೆಗೆ ಬದಲಿಸದಂತೆ ಸಂವಿಧಾನದ 84ನೇ ತಿದ್ದುಪಡಿ ತಡೆದಿದೆ.